ನಮ್ಮ ಮನೆ ಕೇಂದ್ರವಾದ ವರ್ಷ

ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾದ ಮೇಲೂ ಫೋನಿನಲ್ಲಿ ಅಣ್ಣನ ಹೆಸರು ಕಂಡರೆ ನಾನು ಎದ್ದು ನಿಂತು ಮಾತಾಡುತ್ತಿದ್ದೆ. ನನ್ನ ಗಂಡ ಅದನ್ನು ನೋಡಿ ನಗುತ್ತಿದ್ದರು. "ಕೂತು ಮಾತಾಡು, ಅವರಿಗೇನು ಕಾಣಸ್ತೈತಿ?" ಅನ್ನುತ್ತಿದ್ದರು. ಆದರೆ ಕೂತು ಮಾತಾಡುವುದು ನನ್ನಿಂದ ಆಗುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ನಾನು ಹತ್ತನೇ ಇಯತ್ತೆಯಲ್ಲಿದ್ದೆ. ಅಣ್ಣ ಕಲಬುರ್ಗಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಓದು ಬಿಟ್ಟು ಬಂದು ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತ. ಸೋದರಮಾವಂದಿರು ನನ್ನ ಲಗ್ನದ ಮಾತು ತೆಗೆದಾಗ, "ಆಕಿ ಓದಲಿ. ನಂದಂತೂ ನಿಂತು ಹೋತು" ಅಂದ. ಬಾಗಿಲ ಹಿಂದೆ ನಿಂತಿದ್ದ ನನಗೆ ಆ ಮಾತು ಕೇಳಿಸಿತ್ತು.

ನಾನು ಓದಿದೆ. ಪರೀಕ್ಷೆ ಬರೆದು ಸಿಕಂದರಾಬಾದಿನ ಒಂದು ಸರ್ಕಾರಿ ಕಚೇರಿಯಲ್ಲಿ ಆವಕ ಜಾವಕ ವಿಭಾಗಕ್ಕೆ ಸೇರಿದೆ. ಬಂದ ಕಾಗದಕ್ಕೊಂದು ನಂಬರು, ಹೋಗುವ ಕಾಗದಕ್ಕೊಂದು ನಂಬರು ಹಾಕುವ ಕೆಲಸ. ಗಂಡ ಮಾದಾಪುರದ ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟು, ಎ.ಸಿ., ನೀರು ಇವುಗಳ ಮೇಲ್ವಿಚಾರಕರು. ಮೆಟ್ಟುಗುಡದಲ್ಲಿ ನಮ್ಮದು ಎರಡು ಕೋಣೆಯ ಮನೆ. ಒಂದು ನಮ್ಮಿಬ್ಬರದು, ಇನ್ನೊಂದು ಮಗಳದು. ರೈಲು ನಿಲ್ದಾಣ ಹತ್ತಿರ, ದವಾಖಾನೆಗಳೂ ಹತ್ತಿರ. ಈ ಎರಡು ಅನುಕೂಲಗಳೇ ಮುಂದೆ ನನ್ನ ಕುತ್ತಿಗೆಗೆ ಬಂದವು.

ನಮ್ಮೂರು ತಾಂಡೂರು ದಾಟಿದ ಮೇಲೆ ಸಿಗುವ ಒಂದು ತಾಲೂಕು ಊರು. ಆ ಕಡೆಯವರಿಗೆ ಬೆಂಗಳೂರು ದೂರ, ಹೈದರಾಬಾದೇ ಹತ್ತಿರ. ಮೈಯಲ್ಲಿ ಏನಾದರೂ ದೊಡ್ಡ ಜಡ್ಡು ಕಂಡರೆ ಜನ ರೈಲು ಹತ್ತಿ ಇಲ್ಲಿಗೇ ಬರುತ್ತಾರೆ. ಹಾಗೆ ನನ್ನ ಬಳಿಗೆ ಮೊದಲು ಬಂದವಳು ನಮ್ಮ ಹಿಂದಿನ ಓಣಿಯ ಬಳೆ ಮಾರುವ ಮುದುಕಿ. ಕುತ್ತಿಗೆಯಲ್ಲಿ ಗಂಟು. ಅಣ್ಣ ಫೋನ್ ಮಾಡಿ, "ಆಕಿಗೆ ತೆಲುಗು ಬರಂಗಿಲ್ಲ, ಸ್ವಲ್ಪ ಜೋಡಿ ಹೋಗು" ಅಂದ. ಹೋದೆ. ಡಾಕ್ಟರು ಏನಾಗುತ್ತದೆ ಎಂದು ಕೇಳಿದರೆ ಮುದುಕಿ ನನ್ನ ಮುಖ ನೋಡುತ್ತಿದ್ದಳು. ಸೆಳೆತ ಅಂದರೆ ನಾನು ಗುಂಜುತುಂದಿ ಅನ್ನುತ್ತಿದ್ದೆ, ಜೋಮು ಅಂದರೆ ತಿಮ್ಮಿರಿ ಅನ್ನುತ್ತಿದ್ದೆ. ಗಂಟು ಅಂಥ ಕೆಟ್ಟದ್ದೇನಾಗಿರಲಿಲ್ಲ. ತೆಗೆದರು. ಹೊರಡುವ ದಿನ ಆಕೆ ನನ್ನೆರಡೂ ಕೈ ಹಿಡಿದುಕೊಂಡು ನರ್ಸಿಗೆ, "ಈಕಿ ನನ್ನ ಬಾಯಿ" ಅಂದಳು. ನರ್ಸಿಗೆ ಕನ್ನಡ ಗೊತ್ತಿಲ್ಲದೆ ಅದನ್ನೂ ನಾನೇ ತೆಲುಗಿನಲ್ಲಿ ಹೇಳಬೇಕಾಯಿತು.

ಸುಳ್ಳು ಯಾಕೆ ಹೇಳಲಿ, ನನಗೆ ಅದು ಸೇರಿತು. ಕಚೇರಿಯಲ್ಲಿ ನಾನೊಬ್ಬ ಗುಮಾಸ್ತೆ. ನಾಳೆ ನಾನು ಬರದಿದ್ದರೆ ಆ ನಂಬರನ್ನು ಇನ್ನೊಬ್ಬರು ಹಾಕುತ್ತಾರೆ. ದವಾಖಾನೆಯ ಸಾಲಿನಲ್ಲಿ ಮಾತ್ರ ನಾನಿಲ್ಲದೆ ಆಗುತ್ತಿರಲಿಲ್ಲ.

ಆಮೇಲೆ ಬರತೊಡಗಿದರು. ಮೊದಲು ತಿಂಗಳಿಗೊಬ್ಬರು, ನಂತರ ವಾರಕ್ಕೊಬ್ಬರು. ಅಣ್ಣನ ಮಾತು ಪ್ರತಿ ಸಲ ಒಂದೇ: "ತಂಗಿ, ನಾಳೆ ಮುಂಜಾನಿ ಗಾಡಿಗೆ ಒಬ್ಬರು ಬರಾಕತ್ತಾರ. ನಮ್ಮ ಪೈಕಿನ." ನಿನಗೆ ಬಿಡುವಿದೆಯೇ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಆತಣ್ಣ" ಅನ್ನುತ್ತಿದ್ದೆ, ನಿಂತುಕೊಂಡೇ. ಫೋನ್ ಇಟ್ಟ ಮೇಲೆ ಹಿಟ್ಟಿನ ಡಬ್ಬಿ ತೆಗೆದು ನೋಡುತ್ತಿದ್ದೆ, ನಾಳೆ ಎಷ್ಟು ರೊಟ್ಟಿ ಬಡಿಯಬೇಕು ಎಂದು. ಊರವರಿಗೆ ನಮ್ಮ ಹೈದರಾಬಾದಿನ ಅನ್ನ ಸೇರುತ್ತಿರಲಿಲ್ಲ, ಜೋಳದ ರೊಟ್ಟಿಯೇ ಬೇಕು. ಕಚೇರಿಯ ರಜೆಗಳು ಗಣೇಶ ಚೌತಿ ಬರುವಷ್ಟರಲ್ಲಿ ಮುಗಿದುಹೋಗುತ್ತಿದ್ದವು. ನನ್ನ ಬಲಭುಜ ಹಿಡಿದುಕೊಂಡು ಕೈ ಮೇಲೆತ್ತಲು ಆಗುತ್ತಿರಲಿಲ್ಲ. ವ್ಯಾಯಾಮಕ್ಕೆ ಬರಲು ಡಾಕ್ಟರು ಹತ್ತು ದಿನ ಕೊಟ್ಟಿದ್ದರು, ನಾನು ಹೋದದ್ದು ಎರಡು ದಿನ. ಮಿಕ್ಕ ದಿನಗಳಲ್ಲಿ ಅದೇ ದವಾಖಾನೆಯಲ್ಲಿ ಬೇರೆಯವರ ಜೊತೆ ಬೇರೆ ಸಾಲಿನಲ್ಲಿ ನಿಂತಿದ್ದೆ.

ಬಂದವರನ್ನು ಮಲಗಿಸುತ್ತಿದ್ದುದು ಮಗಳ ಕೋಣೆಯಲ್ಲಿ. ಆಪರೇಷನ್ ಆದವರಿಗೆ ಮಂಚ ಬೇಕು, ಗಾಳಿ ಬೇಕು, ಪಾಯಖಾನೆ ಹತ್ತಿರ ಬೇಕು. ಆ ಕೋಣೆಯಲ್ಲಿ ಎಲ್ಲವೂ ಇತ್ತು. ಮಗಳು ತನ್ನ ಪುಸ್ತಕ ಎತ್ತಿಕೊಂಡು ಹೊರಗೆ ಬರುತ್ತಿದ್ದಳು. ಆ ವರ್ಷ ಅವಳು ಹತ್ತನೇ ತರಗತಿ. ಬಂದವರ ಸಂಬಂಧಿಕರು ಹಾಲ್‌ನಲ್ಲಿ ಕೂತಿರುತ್ತಿದ್ದರೆ ಅವಳು ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು. ಕೆಳಗಿನ ಮನೆಯ ತೆಲುಗಿನ ಆಂಟಿ ಒಮ್ಮೆ, "ಪಾಪ ಮೆಟ್ಲ ಮೀದ ಎಂದುಕು ಚದುವುತುಂದಿ?" ಎಂದು ಕೇಳಿದರು. ಮಗು ಮೆಟ್ಟಿಲ ಮೇಲೆ ಯಾಕೆ ಓದುತ್ತಾಳೆ ಎಂದು. ನಾನು ನಕ್ಕು, ಅವಳು ಎಲ್ಲಿ ಬೇಕಾದರೂ ಓದುತ್ತಾಳೆ ಅಂದೆ. ಹಾಗೆ ಹೇಳುವಾಗ ನನಗೆ ಹೆಮ್ಮೆಯೇ ಇತ್ತು.

ಅಣ್ಣ ಎರಡು ಮೂರು ತಿಂಗಳಿಗೊಮ್ಮೆ ಅಂಗಡಿಯ ಸಾಮಾನಿಗೆಂದು ಬೇಗಂ ಬಜಾರಿಗೆ ಬರುತ್ತಾನೆ. ಬಂದಾಗ ಮಧ್ಯಾಹ್ನದ ಊಟ ನಮ್ಮಲ್ಲಿಯೇ. ಆ ಸಲ ಬಂದಾಗ ಮಗಳ ಕೋಣೆಯಲ್ಲಿ ಪಿತ್ತಕೋಶದ ಆಪರೇಷನ್ ಆದ ಒಬ್ಬ ಹೆಣ್ಣುಮಗಳು ಮಲಗಿದ್ದಳು. ನಾನು ಆಕೆಗೆ ಗಂಜಿ ಕೊಡುತ್ತಿದ್ದೆ. ಅಣ್ಣ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದ.

"ಯಾಕಣ್ಣ?" ಅಂದೆ.

"ಅವ್ವಗ ತೋರಸ್ತೀನಿ. ತನ್ನ ಮಗಳು ಎಂಥಾ ಪುಣ್ಯದ ಕೆಲಸ ಮಾಡಾಕತ್ಯಾಳ ನೋಡ್ಲಿ."

ನಾನು ಸೆರಗು ಸರಿಮಾಡಿಕೊಂಡೆ. ಇನ್ನೊಂದು ತೆಗೆದ. ಆಮೇಲೆ ಕೂತು ರೊಟ್ಟಿ, ಪುಂಡಿಪಲ್ಯೆ ಉಂಡ. ಈ ಸಲ ಪುರಸಭೆ ಚುನಾವಣೆಗೆ ನಿಲ್ಲಬೇಕೆಂದು ಮಂದಿ ಭಾಳ ಒತ್ತಾಯ ಮಾಡುತ್ತಿದ್ದಾರೆ ಎಂದು ಹೇಳಿದ. "ನಿಲ್ಲಣ್ಣ, ನೀ ಗೆಲ್ತಿ" ಅಂದೆ. ಕೈ ತೊಳೆದುಕೊಂಡು ಎಲೆ ಅಡಿಕೆ ಹಾಕಿಕೊಂಡು ಹೋದ. ಇನ್ನೇನೂ ಹೇಳಲಿಲ್ಲ.

ಇದಾಗಿ ಮೂರು ವಾರಕ್ಕೆ ಮಗಳಿಗೆ ತೆಲುಗು ಭಾಷಣ ಸ್ಪರ್ಧೆ ಇತ್ತು. ಹಲವು ಶಾಲೆಗಳ ಮಕ್ಕಳ ನಡುವೆ ಮನೆಮಾತು ತೆಲುಗು ಅಲ್ಲದವಳು ಇವಳೊಬ್ಬಳೇ. ವಿಷಯ, ಈ ಊರಿನ ಕೆರೆಗಳು. ಹದಿನೈದು ದಿನ ಅಡುಗೆಮನೆಯಲ್ಲಿ ನನ್ನೆದುರು ನಿಂತು ಒಪ್ಪಿಸಿದ್ದಳು. ಅವಳು ಯಾವತ್ತೂ ನನ್ನಿಂದ ಏನೂ ಕೇಳುವವಳಲ್ಲ. ಇದೊಂದಕ್ಕೆ ಮಾತ್ರ, "ಮಮ್ಮಿ, ನೀ ಬರಬೇಕು. ಮುಂದಿನ ಸಾಲಿನಾಗ ಕೂಡಬೇಕು" ಅಂದಿದ್ದಳು. ಶನಿವಾರ ಹತ್ತೂವರೆಗೆ. ಅಂದಿನ ರಜೆಗಾಗಿ ನಾನು ಸೆಕ್ಷನ್ ಆಫೀಸರರ ಎದುರು ನಿಂತು ಕಾರಣ ಹೇಳಿದಾಗ ಅವರು ಕನ್ನಡಕ ಸರಿಸಿ, "ಈಸಾರಿ ಸೊಂತ ಪನಾ?" ಎಂದು ಕೇಳಿದ್ದರು. ಈ ಸಲ ಸ್ವಂತ ಕೆಲಸವೇ ಎಂದು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮಗಳು ಶಾಲೆಯ ಬಸ್ಸಿನಲ್ಲಿ ಹೋದಳು. ಗಂಡ ಮೆಟ್ರೋ ಹಿಡಿದು ಕೆಲಸಕ್ಕೆ ಹೋದರು. ನಾನು ಸೀರೆ ಉಟ್ಟು, ಬಾಗಿಲಿಗೆ ಬೀಗ ಹಾಕಲು ಕೀಲಿಕೈ ಹುಡುಕುತ್ತಿದ್ದೆ. ಬೆಲ್ ಆಯಿತು. ಬಾಗಿಲಲ್ಲಿ ಗಂಡ ಹೆಂಡತಿ, ಐವತ್ತರ ಆಸುಪಾಸಿನವರು. ಗಂಡ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಮುಖ ಹಳದಿ, ಕಣ್ಣೂ ಹಳದಿ. ಹೆಂಡತಿಯ ಕೈಯಲ್ಲಿ ಒಂದು ಬಟ್ಟೆಯ ಚೀಲ, ಒಂದು ಕಾಗದ.

"ಕೇಂದ್ರ ಇದ ಏನ್ರಿ?" ಅಂದಳು.

"ಯಾವ ಕೇಂದ್ರ?"

ಅವಳು ಕಾಗದ ಮುಂದೆ ಹಿಡಿದಳು. ಬಣ್ಣದ ಕರಪತ್ರ. ಮೇಲೆ ಕೈಮುಗಿದ ನಮ್ಮಣ್ಣ. ಕೆಳಗೆ ದಪ್ಪ ಅಕ್ಷರದಲ್ಲಿ, ಹೈದರಾಬಾದ್ ಸೇವಾ ಕೇಂದ್ರ. ಚಿಕಿತ್ಸೆಗೆ ಹೋಗುವ ನಮ್ಮ ವಾರ್ಡಿನ ಬಂಧುಗಳಿಗೆ ವಸತಿ, ಊಟ, ದವಾಖಾನೆಯ ಸಂಪೂರ್ಣ ವ್ಯವಸ್ಥೆ. ಹಗಲು ರಾತ್ರಿ ಯಾವಾಗ ಬೇಕಾದರೂ ಸಂಪರ್ಕಿಸಿ. ನನ್ನ ಮೊಬೈಲ್ ನಂಬರ್, ನಮ್ಮ ಮನೆಯ ವಿಳಾಸ. ಪಕ್ಕದಲ್ಲಿ ಫೋಟೋ: ನಾನು ಗಂಜಿ ಕೊಡುತ್ತಿದ್ದೇನೆ, ಆ ಹೆಣ್ಣುಮಗಳು ಮಂಚದ ಮೇಲೆ, ಹಿಂದೆ ಮಗಳ ಪುಸ್ತಕದ ಕಪಾಟು. ನನ್ನ ಹೆಸರಿರಲಿಲ್ಲ. ತಂಗಿ ಎಂಬ ಮಾತೂ ಇರಲಿಲ್ಲ.

ನಾನು ಓದುತ್ತಲೇ ನಿಂತಿದ್ದೆ. ಆ ಹೆಂಗಸು ಕರಪತ್ರವನ್ನೂ ನನ್ನ ಮುಖವನ್ನೂ ನೋಡಿ, ಮೆತ್ತಗೆ ಕೇಳಿದಳು, "ನೀವು ಇಲ್ಲಿ ಕೆಲಸಕ್ಕ ಇದ್ದೀರೇನ್ರಿ ಬಾಯಾರ?"

ಹೌದು ಅಂದೆ.

ಅಷ್ಟರಲ್ಲಿ ಅವಳ ಗಂಡ ಗೋಡೆಗುಂಟ ಜಾರಿ ಕೆಳಗೆ ಕೂತ. ಅವನನ್ನು ಅಲ್ಲೇ ಬಿಟ್ಟು ನಾನು ಭಾಷಣ ಕೇಳಲು ಹೋಗಬಹುದಿತ್ತೇ? ಹೋಗಲಿಲ್ಲ. ಆಟೋ ಕರೆದೆ. ದೊಡ್ಡ ಸರ್ಕಾರಿ ದವಾಖಾನೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆ. ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನಿಗೆ ಬರೆದರು. ಸಾಲಿನಲ್ಲಿ ನಿಂತು ಗೋಡೆಯ ಗಡಿಯಾರ ನೋಡಿದಾಗ ಹನ್ನೊಂದು ಗಂಟೆ. ಮಗಳ ಸರದಿ ಬಂದಿರುತ್ತದೆ ಅಂದುಕೊಂಡೆ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇರುತ್ತದೆ. ಅವಳಿಗೆ ತಿಳಿಸಲು ದಾರಿಯೂ ಇರಲಿಲ್ಲ, ಶಾಲೆಯಲ್ಲಿ ಮಕ್ಕಳಿಗೆ ಮೊಬೈಲ್ ಬಿಡುವುದಿಲ್ಲ.

ಸ್ಕ್ಯಾನ್ ಕೋಣೆಯ ಹೊರಗಿನಿಂದ ಅಣ್ಣನಿಗೆ ಫೋನ್ ಮಾಡಿದೆ. ಅವನ ಹಿಂದೆ ಮಂದಿಯ ಗದ್ದಲ ಕೇಳಿಸುತ್ತಿತ್ತು.

"ಅಣ್ಣ, ಆ ಕರಪತ್ರ ಏನು?"

"ಹಾಂ, ನೋಡಿದೇನು? ಛಲೋ ಬಂದೈತಲ್ಲ?"

"ನನ್ನ ನಂಬರ್ ಹಾಕೀದಿ. ಮನಿ ಅಡ್ರೆಸ್ ಹಾಕೀದಿ."

"ಮತ್ತ ಯಾರದು ಹಾಕಬೇಕಿತ್ತು?"

"ನನ್ನ ಒಂದು ಮಾತು ಕೇಳಬೇಕಿತ್ತಲ್ಲಣ್ಣ."

ಅವನು ನಕ್ಕ. "ಕೇಳೋದೇನೈತಿ? ನೀ ಮಾಡೋದ ಮಾಡಾಕತ್ತಿ. ನಾ ನಾಕು ಮಂದಿಗೆ ತಿಳಿಸೀನಿ, ಅಷ್ಟ. ಒಡಹುಟ್ಟಿದಾಕಿನ್ನ ಅಪ್ಪಣೆ ಕೇಳಬೇಕೇನು?"

"ಇವತ್ತು ಮಗಳ ಸ್ಪರ್ಧಾ ಇತ್ತು. ನನಗ ಹೋಗಾಕ ಆಗಲಿಲ್ಲ."

"ಎಲೆಕ್ಷನ್ ಮುಗಿಯೋ ತನಕ ತಡಕೊ ತಂಗಿ. ಆಮ್ಯಾಲೆ ಯಾರು ಬರ್ತಾರ?" ಅಂದ. ಅಂದ ಮೇಲೆ ತಾನು ಏನಂದೆ ಎಂದು ಅವನಿಗೂ ತಿಳಿದಿರಬೇಕು, "ತಗೊ, ಅವ್ವ ಮಾತಾಡ್ತಾಳ" ಎಂದು ಫೋನ್ ಕೊಟ್ಟುಬಿಟ್ಟ.

ನಾಲ್ಕು ವರ್ಷ ನಾನು ಮಾಡಿದ್ದನ್ನೆಲ್ಲ ಅಣ್ಣ ಪುಣ್ಯದ ಕೆಲಸ ಎಂದು ಕರೆದಿದ್ದ. ಚುನಾವಣೆ ಮುಗಿದರೆ ಆ ಪುಣ್ಯವೂ ಮುಗಿಯುತ್ತದೆ ಎಂದು ಈಗ ತಿಳಿಯಿತು. ಆದರೂ ಅವ್ವನಿಗೆ ಗೊತ್ತಿರಲಿಕ್ಕಿಲ್ಲ ಅಂದುಕೊಂಡೆ. ಅವ್ವನಿಗೆ ಓದಲು ಬರುವುದಿಲ್ಲ.

"ಅವ್ವ, ನಿನಗ ಗೊತ್ತಿತ್ತೇನು?"

"ಗೊತ್ತಿತ್ತವ್ವ. ಛಾಪಸೋಕಿಂತ ಮೊದಲ ನಿನ್ನ ವೈನಿ ಓದಿ ಹೇಳಿದ್ಲು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ" ಅಂದಳು ಅವ್ವ. ಅದನ್ನು ಸರಳವಾಗಿಯೇ ಅಂದಳು.

ಅಷ್ಟೂ ವರ್ಷ ನಾನು ತಿಳಿದಿದ್ದು ಬೇರೆ. ನನಗೆ ತ್ರಾಸಾಗುತ್ತದೆ ಎಂದು ಊರಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ಅವರೇ ಕಡಿಮೆ ಮಾಡುತ್ತಾರೆ, ನಾನು ಬಾಯಿಬಿಟ್ಟು ಹೇಳಿಲ್ಲ ಅಷ್ಟೇ ಎಂದು ತಿಳಿದಿದ್ದೆ. ಅವರಿಗೆ ಎಲ್ಲ ಗೊತ್ತಿತ್ತು. ಬೇಡ ಎನ್ನುವ ಮಾತು ನನ್ನೊಳಗೆ ಇದೆ ಎಂದು ನನಗಿಂತ ಮೊದಲು ಅವರಿಗೆ ತಿಳಿದಿತ್ತು. ಅದು ಹೊರಗೆ ಬರದಂತೆ ಅಣ್ಣ, ಅಣ್ಣನ ಹೆಂಡತಿ, ಅವ್ವ ಮೂರೂ ಜನ ಕೂಡಿ ನೋಡಿಕೊಂಡಿದ್ದರು. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಆ ಹೆಂಗಸು, "ಬಾಯಾರ, ಒಳಗ ಕರಿಯಾಕತ್ತಾರ" ಎಂದು ಕೂಗುವವರೆಗೆ ನಾನು ಫೋನ್ ಹಿಡಿದು ಅಲ್ಲೇ ಇದ್ದೆ.

ಅವಳ ಗಂಡನಿಗೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ದವಾಖಾನೆಯಲ್ಲೇ ಸೇರಿಸಿಕೊಂಡರು. ಹೆಂಡತಿಗೆ ವಾರ್ಡು ತೋರಿಸಿ, ನೀರಿನ ಬಾಟಲಿ ಕೊಡಿಸಿ, ಮನೆಗೆ ಬಂದಾಗ ಸಂಜೆ ನಾಲ್ಕೂವರೆ. ಮಗಳು ಬಂದಿದ್ದಳು. ಊಟದ ಮೇಜಿನ ಮೇಲೆ ನಾನು ಬಿಟ್ಟುಹೋಗಿದ್ದ ಕರಪತ್ರ ಓದುತ್ತಿದ್ದಳು. ಕನ್ನಡ ಅವಳಿಗೆ ನಿಧಾನವಾಗಿ ಓದಲು ಬರುತ್ತದೆ, ಬೇಸಿಗೆ ರಜೆಯಲ್ಲಿ ನಾನೇ ಕಲಿಸಿದ್ದೆ.

"ಇದು ನನ್ನ ಕಪಾಟು" ಅಂದಳು, ಫೋಟೋದ ಮೇಲೆ ಬೆರಳಿಟ್ಟು.

ನಾನು ಅವಳ ಎದುರು ಕೂತೆ. ಸ್ಪರ್ಧೆ ಹೇಗಾಯಿತು ಎಂದು ಕೇಳಿದೆ. ಎರಡನೆಯ ಬಹುಮಾನ ಬಂತು ಅಂದಳು. ನಡುವೆ ಒಂದು ಕಡೆ ಮರೆತೆ, ಆಮೇಲೆ ನೆನಪಾಯಿತು ಅಂದಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದು ನನಗೆ ಹೆಚ್ಚು ಹೆದರಿಕೆ ತಂದಿತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ದುಃಖ ಬಂತು. "ನಿಮ್ಮ ಮಾಮಾ ನನ್ನ ಒಂದು ಮಾತು ಕೇಳಲಿಲ್ಲ ನೋಡು. ನಮ್ಮ ಮನಿ, ನನ್ನ ನಂಬರು. ಕೇಳದ ಎಲ್ಲಾರಿಗೂ ಹಂಚಿಬಿಟ್ಟ" ಅಂದೆ.

ಅವಳು ಕರಪತ್ರವನ್ನು ಮಡಚಿದಳು. "ನನ್ನ ರೂಮ್ ಕೊಡುವಾಗ ನೀ ನನ್ನ ಕೇಳಿದ್ದೇನು ಮಮ್ಮಿ?"

ಕೇಳಿರಲಿಲ್ಲ. ಒಂದು ಸಲವೂ ಕೇಳಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಓದುವ ಮಗಳನ್ನು ನೋಡಿ ನಾನು ಹೆಮ್ಮೆಪಟ್ಟಿದ್ದೆ. ಹೊಂದಿಕೊಂಡು ಹೋಗುವ ಹುಡುಗಿ ಎಂದು ಊರಿಗೆಲ್ಲ ಹೇಳಿದ್ದೆ. ಅಣ್ಣ ನನ್ನ ಬಗ್ಗೆ ಹೇಳುವುದೂ ಅದನ್ನೇ. ಅಂದು ನನಗೆ ಅಣ್ಣನ ಮೇಲೆ ಬಂದ ಸಿಟ್ಟು ಕಡಿಮೆಯಾಗಲಿಲ್ಲ, ಆದರೆ ಆ ಸಿಟ್ಟನ್ನು ಇನ್ನೊಬ್ಬರ ಮುಂದೆ ಹೇಳಿಕೊಂಡು ಅಳುವ ಹಕ್ಕು ನನ್ನ ಕೈಯಿಂದ ಹೋಯಿತು. "ಇಲ್ಲ. ಕೇಳಲಿಲ್ಲ" ಅಂದೆ. ಅವಳು ತಲೆಯಾಡಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತನ್ನದೇ ಕೋಣೆಗೆ ಬಾಗಿಲು ಹಾಕಿಕೊಳ್ಳಲು ಅವಳಿಗೆ ಆ ತಿಂಗಳಲ್ಲಿ ಅದೇ ಮೊದಲು ಸಾಧ್ಯವಾದದ್ದು.

ಮರುದಿನ ಗಂಡನಿಗೆ ಎಲ್ಲ ಹೇಳಿದಾಗ ಅವರು, "ನಾನು ಎರಡು ವರ್ಷದ ಹಿಂದನ ಹೇಳಬೇಕಂತಿದ್ದೆ" ಅಂದರು. ಯಾಕೆ ಹೇಳಲಿಲ್ಲ ಎಂದರೆ, "ನಿನಗ ನಿಮ್ಮಣ್ಣ ಅಂದ್ರ ದೇವರು. ನಡುವ ನಾ ಯಾಕ ಬರಲಿ" ಅಂದರು. ಅವರ ಮೇಲೂ ಬೇಸರವಾಯಿತು. ಎಲ್ಲರೂ ನನ್ನನ್ನು ನೋಡುತ್ತ ಸುಮ್ಮನಿದ್ದವರೇ.

ಅಣ್ಣನಿಗೆ ಸೋಮವಾರ ಮತ್ತೆ ಫೋನ್ ಮಾಡಿ, ಆ ಸಾಲು ತೆಗೆಸು ಅಂದೆ. ಅವನು ಜಗಳಾಡಲಿಲ್ಲ. "ಆತು, ತೆಗಸ್ತೀನಿ. ಇಷ್ಟಕ್ಕ ಮನಸಿಗೆ ಹಚ್ಚಿಕೋಬ್ಯಾಡ" ಅಂದ. ನಂಬಿದೆ. ಹತ್ತು ದಿನಕ್ಕೆ ಮೂರು ಜನರ ಒಂದು ಕುಟುಂಬ ಬಂದು ಬಾಗಿಲು ಬಡಿಯಿತು. ಅವರ ಕೈಯಲ್ಲಿದ್ದುದು ಹೊಸ ಕರಪತ್ರ. ಅಣ್ಣನ ಚುನಾವಣೆಯ ಗುರುತೂ ಸೇರಿಸಿ ಛಾಪಿಸಿದ್ದರು. ಸೇವಾ ಕೇಂದ್ರದ ಸಾಲು ಮೊದಲಿಗಿಂತ ದೊಡ್ಡದಾಗಿತ್ತು.

ಆ ಮೂವರಿಗೆ ಚಹಾ ಕೊಟ್ಟೆ. ಯಾವ ದವಾಖಾನೆ, ಯಾವ ಕೌಂಟರು, ಎಷ್ಟು ಗಂಟೆಗೆ ಚೀಟಿ ಕೊಡುತ್ತಾರೆ ಎಂದು ಒಂದು ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಟ್ಟೆ. ನಿಲ್ದಾಣದ ಹತ್ತಿರದ ಛತ್ರದ ದಾರಿ ಹೇಳಿದೆ. "ಇಲ್ಲಿ ಇರಾಕ ಆಗಂಗಿಲ್ರಿ" ಅಂದೆ. ಅವರಲ್ಲಿ ಹಿರಿಯನಾದವನು ಕರಪತ್ರವನ್ನು ತಿರುಗಿಸಿ ನೋಡಿ, "ಮತ್ತ ಇದರಾಗ ಹಿಂಗ ಬರದಾರಲ್ರಿ?" ಅಂದ. ತಪ್ಪು ಬರೆದಿದ್ದಾರೆ ಅಂದೆ. ಅವನು ನನ್ನನ್ನು ಸುಳ್ಳು ಹೇಳುವವಳನ್ನು ನೋಡುವಂತೆ ನೋಡಿದ. ಅವರು ಮೆಟ್ಟಿಲಿಳಿದು ಹೋದ ಮೇಲೆ ಬಾಲ್ಕನಿಯಿಂದ ನೋಡಿದೆ. ಚೀಲ ತಲೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ದಾರಿ ಕೇಳುತ್ತ ಹೋದರು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಆ ವಾರದ ಭಾನುವಾರ ಬೆಳಗಿನ ಗಾಡಿಗೆ ಊರಿಗೆ ಹೋದೆ. ಹೇಳದೆ ಹೋದದ್ದು ಅದೇ ಮೊದಲು. ಅಣ್ಣನ ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಮಂದಿ ಕೂತಿದ್ದರು. ವೈನಿ ಚಹಾದ ತಟ್ಟೆ ಹಿಡಿದು ಓಡಾಡುತ್ತಿದ್ದಳು. ನನ್ನನ್ನು ಕಂಡು ಅಣ್ಣನ ಮುಖ ಒಂದು ಗಳಿಗೆ ಸಣ್ಣದಾಯಿತು, ಮರುಗಳಿಗೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ನೋಡ್ರಿ, ಈಕೀನ ನಮ್ಮ ತಂಗಿ. ನಮ್ಮ ಹೈದರಾಬಾದ್ ಕೇಂದ್ರ ನಡಸಾಕಿ" ಅಂದ. ಮಂದಿ ಕೈಮುಗಿದರು.

ನಾನು ದಾರಿಯುದ್ದಕ್ಕೂ ಯೋಚಿಸಿ ಇಟ್ಟುಕೊಂಡ ಮಾತು ಬೇರೆ ಇತ್ತು. ಅವನನ್ನು ಒಳಗೆ ಕರೆದು, ಅವ್ವನ ಮುಂದೆ ಕೂಡಿಸಿ ಹೇಳಬೇಕು ಅಂದುಕೊಂಡಿದ್ದೆ. ಈಗ ಅಲ್ಲೇ ಹೇಳಿದೆ.

"ಕೇಂದ್ರ ಅಂತ ಏನೂ ಇಲ್ರಿ. ಅದು ನಮ್ಮ ಮನಿ. ಎರಡು ಖೋಲಿ ಐತಿ. ಒಂದರಾಗ ನನ್ನ ಮಗಳು ಓದತಾಳ. ನಾ ಮುಂಜಾನಿ ಆಫೀಸಿಗೆ ಹೋಗ್ತೀನಿ. ಯಾರಿಗಾದ್ರೂ ದವಾಖಾನಿ ವಿಷಯ ಕೇಳೋದಿದ್ರ ಶನಿವಾರ ಫೋನ್ ಮಾಡ್ರಿ, ಗೊತ್ತಿದ್ದಷ್ಟು ಹೇಳ್ತೀನಿ. ಮನಿಗೆ ಮಾತ್ರ ಬರಬ್ಯಾಡ್ರಿ."

ಒಬ್ಬ ಮುದುಕ ಮೆಲ್ಲಗೆ ಕೆಮ್ಮಿದ. ಅಣ್ಣ ನನ್ನತ್ತ ನೋಡಲೇ ಇಲ್ಲ, ಮಂದಿಯ ಕಡೆ ತಿರುಗಿ, "ಆಕಿಗೆ ಆರಾಮಿಲ್ರಿ, ದಣಿದಾಳ" ಅಂದ. ನಾನು ಒಳಗೆ ಹೋದೆ. ಅವ್ವ ಒಲೆಯ ಮುಂದೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಾಕು ಮಂದ್ಯಾಗ ಅಣ್ಣನ ಮಾನ ಕಳದಿ" ಅಂದಳು.

"ನನ್ನ ಮನಿ ಅಡ್ರೆಸ್ ಊರಿಗೆಲ್ಲ ಹಂಚಿದಾಗ ನನ್ನ ಮಾನ ಏನಾತವ್ವ?"

"ಅಂವ ಓದು ಬಿಟ್ಟು ನಿನ್ನ ಓದಿಸ್ಯಾನ."

"ಹೌದು. ಅದಕ್ಕ ಇಷ್ಟು ವರ್ಷ ಸುಮ್ಮನಿದ್ದೆ."

ಅವ್ವ ತಟ್ಟೆಗೆ ಊಟ ಬಡಿಸಿಟ್ಟಳು, ನಾನು ಉಂಡೆ, ಅವಳು ಅತ್ತ ತಿರುಗಿ ಕೂತಿದ್ದಳು. ಮಧ್ಯಾಹ್ನದ ಗಾಡಿಗೆ ವಾಪಸು ಬಂದೆ. ನಿಲ್ದಾಣಕ್ಕೆ ಬಿಡಲು ಯಾರೂ ಬರಲಿಲ್ಲ.

ಅಣ್ಣ ಗೆದ್ದ. ಗೆದ್ದ ಸುದ್ದಿ ನನಗೆ ಬೇರೆಯವರಿಂದ ತಿಳಿಯಿತು. ಫೋನ್ ಮಾಡಿದೆ, ಎತ್ತಲಿಲ್ಲ. ನನ್ನ ಬಗ್ಗೆ ಊರಲ್ಲಿ, ಹೈದರಾಬಾದಿನ ನೀರು ಕುಡಿದ ಮೇಲೆ ಆಕಿ ನಮ್ಮಾಕಿ ಉಳಿದಿಲ್ಲ ಎಂದು ಹೇಳುತ್ತಿದ್ದನಂತೆ. ನಾಗರಪಂಚಮಿಗೆ ಪ್ರತಿ ವರ್ಷ ಅವನೇ ಬಂದು ಕರೆದುಕೊಂಡು ಹೋಗುತ್ತಿದ್ದ. ಲಗ್ನವಾಗಿ ಹದಿನೆಂಟು ವರ್ಷ, ಒಂದು ವರ್ಷವೂ ತಪ್ಪಿಸಿರಲಿಲ್ಲ. ಆ ಸಲ ಬರಲಿಲ್ಲ. ನಾನು ಹಬ್ಬದ ಉಂಡಿ ಕಟ್ಟಿದೆ. ಕಟ್ಟುವಾಗ ರಸ್ತೆಯ ಕಡೆ ಕಿವಿ ಇದ್ದದ್ದು ನಿಜ.

ಶನಿವಾರದ ಫೋನುಗಳು ಬರುತ್ತವೆ. ಹೇಳುತ್ತೇನೆ, ಬರೆದು ಕಳಿಸುತ್ತೇನೆ. ಅಳುವವರೂ ಇದ್ದಾರೆ. ಆಗೆಲ್ಲ ಬನ್ನಿ ಎನ್ನುವ ಮಾತು ನಾಲಗೆಯ ತುದಿಗೆ ಬರುತ್ತದೆ. ಎರಡು ಸಲ ಹೇಳುವುದರಲ್ಲಿದ್ದೆ, ಆದರೆ ಆ ಎರಡೂ ಸಲ ಮೊದಲು ಮಗಳ ಕೋಣೆಯ ಬಾಗಿಲು ಬಡಿದು ಕೇಳಿದೆ. ಒಂದು ಸಲ ಹೂಂ ಅಂದಳು, ಒಂದು ಸಲ ಬೇಡ ಅಂದಳು. ಬೇಡ ಅಂದಾಗ ಫೋನಿನಲ್ಲಿದ್ದವರಿಗೆ ಆಗುವುದಿಲ್ಲ ಅಂದೆ. ಕಚೇರಿಯಲ್ಲಿ ಒಮ್ಮೆ ಸಹೋದ್ಯೋಗಿಯೊಬ್ಬರು ತಮ್ಮ ಕೆಲಸವನ್ನು ನನ್ನ ಮೇಜಿಗೆ ತಂದರು. ಇವತ್ತು ಆಗುವುದಿಲ್ಲ ಅಂದೆ. ಅವರು "ಸರೇ ಮೇಡಂ" ಎಂದು ಇನ್ನೊಬ್ಬರ ಮೇಜಿಗೆ ಹೋದರು. ಅಷ್ಟೇ. ಪರರಿಗೆ ಹೇಳಿದರೆ ಇಷ್ಟು ಸಲೀಸು ಎಂದು ಯೋಚಿಸುತ್ತ ನಾನು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ.

ದೀಪಾವಳಿ ಕಳೆದ ಮೇಲೆ ಊರಿನ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಮಾತಿನ ನಡುವೆ, "ನಿಮ್ಮವ್ವನ ಕಣ್ಣಿನ ಆಪರೇಷನ್ ಆತಲ್ರಿ, ಹೆಂಗದಾರ?" ಅಂದಳು. ನನಗೆ ಗೊತ್ತೇ ಇರಲಿಲ್ಲ. ಅವ್ವನನ್ನು ಕಲಬುರ್ಗಿಗೆ ಕರೆದುಕೊಂಡು ಹೋಗಿ ಮಾಡಿಸಿಕೊಂಡು ಬಂದಿದ್ದರು. ಊರಿನ ಎಷ್ಟೋ ಕಣ್ಣುಗಳನ್ನು ನಾನು ಇಲ್ಲಿಯ ಡಾಕ್ಟರಿಗೆ ತೋರಿಸಿದ್ದೆ. ನನ್ನ ಅವ್ವನ ಕಣ್ಣು ನನಗೆ ತಿಳಿಯದೆ ಆಗಿಹೋಗಿತ್ತು. ಫೋನ್ ಮಾಡಿದೆ.

"ನನಗ ಯಾಕ ಹೇಳಲಿಲ್ಲವ್ವ?"

"ನೀನ ಹೇಳೀದಲ್ಲ, ಮನಿಗೆ ಬರಬ್ಯಾಡ್ರಿ ಅಂತ."

"ಮಂದಿಗೆ ಹೇಳೀನಿ. ನಿನಗಲ್ಲ."

"ನನಗೇನು ಗೊತ್ತು" ಅಂದಳು.

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅಂದಳು.

ಈ ಸಲ ನನ್ನ ಹತ್ತಿರ ರಜೆಗಳಿದ್ದವು. ಮಗಳಿಗೂ ಎರಡು ದಿನ ಬಿಡುವಿತ್ತು, ಬರುತ್ತೀಯಾ ಎಂದು ಕೇಳಿದೆ, ಬಂದಳು. ಅವ್ವ ಕರಿಯ ಕನ್ನಡಕ ಹಾಕಿಕೊಂಡು ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ನನ್ನ ಹೆಜ್ಜೆಯ ಸಪ್ಪಳಕ್ಕೇ ಮುಖ ಇತ್ತ ತಿರುಗಿಸಿದಳು. ಕಣ್ಣಿಗೆ ಹನಿ ಹಾಕಲೇ ಅಂದೆ. ತಲೆ ಹಿಂದಕ್ಕೆ ಒರಗಿಸಿದಳು. ಹಾಕಿದೆ. ಅವಳು ನನ್ನ ಕೈ ಹಿಡಿಯಲಿಲ್ಲ, ತಳ್ಳಲೂ ಇಲ್ಲ. ಮೊಮ್ಮಗಳನ್ನು ಹತ್ತಿರ ಕೂಡಿಸಿಕೊಂಡು ಎಷ್ಟನೇ ಇಯತ್ತೆ, ಏನು ಓದುತ್ತಿ ಎಂದು ಕೇಳುತ್ತಿದ್ದಳು.

ಮಧ್ಯಾಹ್ನ ಅಣ್ಣ ಪುರಸಭೆಯಿಂದ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನನ್ನನ್ನು ನೋಡಿದ. ನಾನು ಮಂಚದ ಅಂಚಿನಲ್ಲಿ ಕೂತಿದ್ದೆ. ಏಳಲಿಲ್ಲ.

"ಯಾವಾಗ ಬಂದಿ?" ಅಂದ.

"ಮುಂಜಾನಿ."

"ಯಾವಾಗ ಹೋಗ್ತಿ?"

"ನಾಳೆ ಸಂಜಿ ಗಾಡಿಗೆ."

"ಹೂಂ" ಎಂದು ಒಳಗೆ ಹೋದ. ವೈನಿ ಅವನಿಗೆ ಊಟಕ್ಕೆ ಬಡಿಸಿದ ಸದ್ದು ಕೇಳಿಸಿತು. ಆಮೇಲೆ ಅಂಗಡಿಗೆ ಹೋದ. ಮರುದಿನ ನಾವು ಹೊರಡುವ ತನಕ ಅವನು ಮತ್ತೆ ಪಡಸಾಲೆಗೆ ಬರಲಿಲ್ಲ.